ಹೆಸರಿಲ್ಲದ ಹನ್ನೊಂದು ಗಂಟು

ನಾನು ಕನ್ನಡ ಪಂಡಿತ. ಹೆಸರೆಂದರೆ ನನಗೆ ಪ್ರಾಣ. ಮಧುಗಿರಿಯ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಹಾಲಕ್ಷ್ಮಮ್ಮ ಎಂಬ ಹುಡುಗಿ ತನ್ನ ಹೆಸರನ್ನು ‘ಮಾಲಕ್ಷ್ಮಮ್ಮ’ ಎಂದು ಬರೆದುಕೊಟ್ಟಿದ್ದಕ್ಕೆ ಇಪ್ಪತ್ತು ಸಲ ತಿದ್ದಿ ಬರೆಸಿದವನು. ನಾಮಪದ ನೆಟ್ಟಗಿಲ್ಲದ ವಾಕ್ಯ ನೆಟ್ಟಗಿರುವುದಿಲ್ಲ ಎಂದು ಮೇಜು ಗುದ್ದಿ ಹೇಳಿದವನು. ಅಂಥವನ ಎದುರಿಗೆ ಒಬ್ಬ ಹೆಣ್ಣುಮಗಳು ಕೂತು, ‘ಹೆಸರೇ ಇಲ್ಲದೆ ಕೆಲಸ ಆಗುತ್ತೆ ಪಂಡಿತರೇ’ ಎಂದರೆ ಹೇಗಾಗಬೇಡ! ಆಕೆ ಬಾಯಲ್ಲಿ ಹೇಳಿ ಬಿಡಲಿಲ್ಲ, ಮಾಡಿಯೂ ತೋರಿಸಿದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಆಕೆ ಮೆಹರುನ್ನಿಸಾ ಟೀಚರ್, ನಮ್ಮ ಶಾಲೆಯ ಗಣಿತದವರು. ಊರು ಶಿರಾ. ತಂದೆ ಕರೀಮ್ ಸಾಬ್ ದರ್ಜಿ. ಐವತ್ತರ ದಶಕದಲ್ಲಿ ಆಕೆ ಇನ್ನೂ ಸಣ್ಣ ಹುಡುಗಿ, ಸ್ಕೂಲಿನಿಂದ ಬಂದವಳೇ ಅಂಗಡಿಯಲ್ಲಿ ಕೂತು ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳಂತೆ. ಕರೀಮ್ ಸಾಬರಿಗೆ ಓದುಬರಹ ಬಾರದು. ಗಿರಾಕಿಯ ಬಟ್ಟೆ ಕತ್ತರಿಸಿದ ಮೇಲೆ ತೋಳು, ಕಾಲರು, ಜೇಬು, ಅದಕ್ಕೆ ಬೇಕಾದ ಗುಂಡಿ, ದಾರ, ಎಲ್ಲವನ್ನೂ ಸೇರಿಸಿ ಒಂದು ಗಂಟು ಕಟ್ಟಿ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಗಂಟಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಹೊಲಿಗೆ ಯಂತ್ರದ ಮುಂದೆ ಯಾರು ಕೂರುತ್ತಾರೋ ಅವರು ತಮ್ಮ ಸರದಿಯ ಗಂಟು ಬಿಚ್ಚಬೇಕು, ಹೊಲಿಯಬೇಕು. ಬೇಕಾದ್ದೆಲ್ಲ ಒಳಗೇ ಇರುವುದರಿಂದ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಆ ಹುಡುಗಿ ಶಿರಾದಲ್ಲಿ ಓದಿ, ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಅರವತ್ತನಾಲ್ಕರಲ್ಲಿ ನಮ್ಮ ಶಾಲೆಗೆ ಬಂದರು. ಸಣಕಲು ಮೈ, ದೊಡ್ಡ ಗಂಟಲು. ಬೋರ್ಡಿನ ಮೇಲೆ ಲೆಕ್ಕ ಸರಿಬಂದರೆ ಮಕ್ಕಳಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಿಬಿಡುವರು. ಪಕ್ಕದ ಕೊಠಡಿಯಲ್ಲಿ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದ ನನಗೆ ಎಣಿಕೆ ತಪ್ಪುತ್ತಿತ್ತು. ಮೊದಲ ವರ್ಷವೆಲ್ಲ ಅದಕ್ಕೇ ಜಗಳ.

ಅರವತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ದೊಡ್ಡ ವಿದ್ಯಾಸಂಸ್ಥೆ ಗಣಿತದ ಮೇಷ್ಟ್ರುಗಳಿಗೆ ಆರು ವಾರದ ತರಬೇತಿ ಇಟ್ಟಿತು. ನಮ್ಮ ಶಾಲೆಯಿಂದ ಟೀಚರ್ ಹೋದರು. ಜೂನಿನಲ್ಲಿ ವಾಪಸ್ ಬಂದವರ ಕೈಯಲ್ಲಿ ಒಂದು ನೀಲಿ ರಟ್ಟಿನ ಪುಸ್ತಕ, ಬಾಯಲ್ಲಿ ಕಂಪ್ಯೂಟರ್ ಎಂಬ ಒಂದೇ ಮಾತು. ಮುಖ್ಯೋಪಾಧ್ಯಾಯರಾದ ನಂದೀಶ್ವರಯ್ಯನವರು ಕೇಳಿದರು:

“ಎಷ್ಟು ದೊಡ್ಡದಮ್ಮ ಅದು?”

“ನಮ್ಮ ಸ್ಟಾಫ್ ರೂಮಿನಷ್ಟು ಸಾರ್. ಆದ್ರೆ ನಮ್ಮಷ್ಟು ಮಾತಾಡಲ್ಲ.”

ಆ ಯಂತ್ರಕ್ಕೆ ಹೇಳಿದ್ದನ್ನು ಮಾಡುವುದಷ್ಟೇ ಗೊತ್ತಂತೆ, ಅದೂ ಅದರದೇ ಭಾಷೆಯಲ್ಲಿ ಹೇಳಿದರೆ. ಸಂಸ್ಥೆಯವರು ಕಲಿಸುವುದಕ್ಕೆಂದೇ ಒಂದು ಪುಟ್ಟ ಭಾಷೆ ಕಟ್ಟಿಕೊಂಡಿದ್ದರು. ಆ ಭಾಷೆಯಲ್ಲಿ ಒಂದೊಂದು ಕೆಲಸವನ್ನೂ ಬರೆದು, ಅದಕ್ಕೊಂದು ಹೆಸರಿಟ್ಟು, ಆಮೇಲೆ ಆ ಹೆಸರು ಹಿಡಿದು ಕರೆದರೆ ಯಂತ್ರ ಆ ಕೆಲಸ ಮಾಡುತ್ತದೆ. ಕೆಲಸದ ಮೊದಲಿಗೆ ‘ಬಿಗಿನ್’, ಕೊನೆಗೆ ‘ಎಂಡ್’. ನಡುವೆ ಇರುವುದೆಲ್ಲ ಒಂದು ಕಟ್ಟು.

“ನಮ್ಮ ಅಬ್ಬಾ ಅಂಗಡೀಲಿ ಕಟ್ತಿದ್ರಲ್ಲ, ಅದೇ ಗಂಟು ಪಂಡಿತರೇ! ಕಟ್ಟಿಟ್ಟಾಗ ಏನೂ ಆಗಲ್ಲ. ಬಿಚ್ಚಿದಾಗಲೇ ಹೊಲಿಗೆ.”

ಕೆಲಸಕ್ಕೆ ಹೆಸರಿಡುತ್ತಾರೆ ಎಂದು ಕೇಳಿ ನನಗೆ ಆ ಯಂತ್ರದ ಮೇಲೆ ಸ್ವಲ್ಪ ಗೌರವ ಬಂತು. ಪುಸ್ತಕದ ಕೊನೆಯ ಅಧ್ಯಾಯ ಮಾತ್ರ ಅರ್ಥವಾಗಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಹೆಸರಿಲ್ಲದ ಕೆಲಸ ಎಂದು ಅದರ ತಲೆಬರಹ. ಹೆಸರಿಲ್ಲದ ಮೇಲೆ ಕರೆಯುವುದು ಹೇಗೆ? ನಾನು ನಕ್ಕು, ಆ ಅಧ್ಯಾಯ ಬರೆದವನನ್ನು ನನ್ನ ತರಗತಿಗೆ ಕಳಿಸಿ ಎಂದೆ.

ತರಬೇತಿ ಮುಗಿಸಿದ ಒಬ್ಬೊಬ್ಬರಿಗೂ ಆ ವರ್ಷ ಯಂತ್ರದ ಮೇಲೆ ಎರಡೇ ಎರಡು ಸರದಿ. ಚೌಕುಳಿ ಹಾಳೆಯಲ್ಲಿ ಬರೆದು ಅಂಚೆಗೆ ಹಾಕಿದರೆ ಅಲ್ಲಿಯವರು ಅದನ್ನು ತೂತಿನ ಕಾರ್ಡುಗಳಿಗೆ ಇಳಿಸಿ, ಯಂತ್ರಕ್ಕೆ ಕೊಟ್ಟು, ಅಚ್ಚಾದ ಉತ್ತರವನ್ನು ಅಂಚೆಯಲ್ಲೇ ಕಳಿಸುತ್ತಿದ್ದರು. ಬೇರೆ ಮೇಷ್ಟ್ರುಗಳು ವರ್ಗಮೂಲ, ಅವಿಭಾಜ್ಯ ಸಂಖ್ಯೆ ಎಂದು ಏನೇನೋ ಕಳಿಸಿದರಂತೆ. ನಮ್ಮ ಟೀಚರಿಗೆ ಬೇರೆಯದೇ ಕೆಲಸ ಗಂಟು ಬಿತ್ತು.

ಅದು ಓಬಳಮ್ಮನ ಕೆಲಸ. ಮಿಡಿಗೇಶಿಯ ಚಿಕ್ಕರಂಗಯ್ಯನ ಮಗಳು ಓಬಳಮ್ಮ, ನನ್ನದೇ ಎಸ್.ಎಸ್.ಎಲ್.ಸಿ. ತರಗತಿ. ಟೀಚರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುವ ಹುಡುಗಿ. ಜೂನ್, ಜುಲೈ ಎರಡು ತಿಂಗಳು ಪಾವಗಡದ ಬಸ್ಸಿನಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಆ ವರ್ಷದ ವೇಳಾಪಟ್ಟಿಯಂತೆ ಆಗಸ್ಟಿನಿಂದ ಬಸ್ಸಿನ ವೇಳೆ ಬದಲಾಯಿತು. ಆ ಬಸ್ಸು ಮಿಡಿಗೇಶಿ ಬಿಡುವುದು ಒಂಬತ್ತೂ ಮುಕ್ಕಾಲು, ಮಧುಗಿರಿ ಮುಟ್ಟುವುದು ಹತ್ತೂ ಮುಕ್ಕಾಲು. ದಿನಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಹಾಜರಿ; ಬೆಳಗಿನದನ್ನು ನಾನು ಕೂಗುವುದು ಹತ್ತು ಗಂಟೆಗೆ. ಅಲ್ಲಿಗೆ ಅವಳ ಬೆಳಗಿನ ಹಾಜರಿ ದಿನವೂ ಹೋಯಿತು. ಮಧುಗಿರಿಯಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇಲ್ಲ, ನೆಂಟರ ಮನೆಯೂ ಇಲ್ಲ.

ನಂದೀಶ್ವರಯ್ಯನವರು ಲೆಕ್ಕ ಹಾಕಿ ಹೇಳಿದರು: ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಬಸ್ಸಿನ ಹೊಸ ವೇಳಾಪಟ್ಟಿ ಬರುವುದು ಜನವರಿಗೆ, ಆಗಿನಿಂದ ಒಂದು ಬೆಳಗೂ ತಪ್ಪದೆ ಬಂದರೆ ಸರಿಯಾಗಿ ಎಪ್ಪತ್ತೈದು ಆಗುತ್ತದೆ. ಒಂದು ದಿನ ತಪ್ಪಿದರೂ ಇಲ್ಲ. ಚಿಕ್ಕರಂಗಯ್ಯ ಶಾಲೆಗೆ ಬಂದು ಕೈಮುಗಿದು ನಿಂತ.

“ನಾನ್ ಕಳಿಸ್ತೀನಿ ಸಾಮಿ, ಬಸ್ಸು ಬರ್ಬೇಕಲ್ಲ? ಪರೀಕ್ಸೆಗೇ ಕೂರ್ಸಾಕಿಲ್ಲ ಅಂದ್ರೆ ದಿನಾ ಯಾಕ್ ಅಲೀಬೇಕು ಆ ಮಗಾ? ಟೀಸಿ ಕೊಟ್ಬುಡಿ. ಒಂದ್ ಗಂಡು ಬಂದೈತೆ, ಮಾಡ್ಕೊಟ್ಟು ಸುಮ್ಕಾಯ್ತೀನಿ.”

ಓಬಳಮ್ಮ ಅಪ್ಪನ ಹಿಂದೆ ಗೋಡೆ ನೋಡುತ್ತಾ ನಿಂತಿದ್ದಳು. ದಿನಾ ಬೆಳಿಗ್ಗೆ ಅವಳ ಹೆಸರಿನ ಮುಂದೆ ಗೈರುಹಾಜರಿಯ ‘ಗೈ’ ಬರೆಯುತ್ತಿದ್ದವನು ನಾನೇ. ಟೀಚರು ಮುಂದೆ ಬಂದು, “ಡಿಸೆಂಬರ್ ಮುಗಿಯೋವರೆಗೂ ಟೀಸಿ ಕೇಳ್ಬೇಡಿ ಚಿಕ್ಕರಂಗಯ್ಯ. ಬಸ್ಸಿನ ವೇಳೆ ನಾನು ಬದಲಾಯಿಸ್ತೀನಿ” ಅಂದುಬಿಟ್ಟರು. ಅದೇನು ಅವರಪ್ಪನ ಮನೆಯ ಬಸ್ಸೇ? ನನಗೆ ರೇಗಿಹೋಯಿತು.

ಆದರೆ ಆಕೆ ಆ ಭಾನುವಾರವೇ ಶಿರಾಕ್ಕೆ ಹೋಗಿ ಬಸ್ ಏಜೆಂಟ್ ಬಾಷಾ ಸಾಬರ ಮುಂದೆ ಕೂತರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಊರಿನ ಬಸ್ ಮಾಲೀಕರು ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಅವರ ಷೆಡ್ಡಿನಲ್ಲೇ ಸೇರಿ ಜನವರಿಯ ವೇಳಾಪಟ್ಟಿ ಮಾಡಿಕೊಳ್ಳುವುದು.

“ಬೇಟಿ, ಒಂದು ಬಸ್ ಹಿಂದೆ ಮುಂದೆ ಮಾಡಿದ್ರೆ ಇನ್ನು ನಾಲ್ಕು ಬಸ್ಸಿನವರು ನನ್ನ ಕುತ್ತಿಗೆಗೆ ಬರ್ತಾರೆ” ಎಂದರು ಬಾಷಾ ಸಾಬ್. “ಒಂದೊಂದು ಊರಿಗೂ ಒಂದೊಂದು ತಕರಾರು. ಎಲ್ಲಾ ತಕರಾರೂ ತೀರೋ ಅಂಥ ಪಟ್ಟಿ ಒಂದು ತಂದುಕೊಡು, ಮೀಟಿಂಗಿಗೆ ನಾನೇ ಇಡ್ತೀನಿ. ಆಗಲ್ಲ ಅಂತ ನಂಗೆ ಗೊತ್ತು.”

ಆಗಲ್ಲ ಎಂಬ ಮಾತು ಕೇಳಿದ್ದೇ ತಡ, ಟೀಚರಿಗೆ ರೆಕ್ಕೆ ಬಂತು. ಎರಡು ತಿಂಗಳು ರಜಾ ದಿನವೆಲ್ಲ ಬಸ್ಸಿನಲ್ಲೇ ಓಡಾಡಿ ತಕರಾರು ಕೂಡಿಹಾಕಿದರು. ಕೊರಟಗೆರೆಯ ಸೂಲಗಿತ್ತಿ ಪಾಪಕ್ಕನಿಗೆ ಸಂಜೆಯ ಬಸ್ಸು ಕತ್ತಲಿಗೆ ಮುಂಚೆ ಹೊರಡಬೇಕು. ಶಿರಾ ಬಸ್ಸಿನ ಚಾಲಕರಿಗೆ ಶುಕ್ರವಾರದ ನಮಾಜಿಗೆ ಬಿಡುವು ಸಿಗಬೇಕು. ಪಾವಗಡದ ಬಸ್ಸಿನವನು, “ಅದಿ ಕುದರದಮ್ಮಾ, ಆಗೋದಿಲ್ಲ, ನೀರು ತುಂಬಿಸ್ದೆ ಇಂಜಿನ್ನು ನನ್ನ ಮಾತು ಕೇಳಲ್ಲ” ಎಂದು ತೆಲುಗು ಕನ್ನಡ ಬೆರೆಸಿ ತನ್ನ ಕಾಲು ಗಂಟೆ ಕೇಳಿದ. ಹೀಗೆ ಹನ್ನೊಂದು ತಕರಾರು. ಬಸ್ಸು ಐದು, ಒಂದೊಂದನ್ನೂ ಎಂಟು ವೇಳೆಗಳಲ್ಲಿ ಯಾವುದಕ್ಕಾದರೂ ಸರಿಸಬಹುದು. ಒಟ್ಟು ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ವೇಳಾಪಟ್ಟಿ! ಒಂದೊಂದಕ್ಕೂ ಹನ್ನೊಂದು ಪ್ರಶ್ನೆ ಕೇಳಬೇಕು. ಮನುಷ್ಯರಿಗೆ ಆಗುವ ಮಾತಲ್ಲ, ಯಂತ್ರಕ್ಕೆ ಆಗುತ್ತದೆ.

ಒಂದೊಂದು ತಕರಾರೂ ಒಂದೊಂದು ಕೆಲಸ. ಅದಕ್ಕೆ ಬಸ್ಸಿನ ವೇಳೆ ಕೊಟ್ಟರೆ ಹೌದು ಅಥವಾ ಇಲ್ಲ ಎಂದು ವಾಪಸ್ ಹೇಳಬೇಕು, ಅಷ್ಟೇ. ಕೆಲಸಗಳಿಗೆ ಏನು ಹೆಸರಿಡಲಿ ಎಂದು ಟೀಚರು ನನ್ನನ್ನು ಕೇಳಿದರು. ನಾನು ಎದೆಯುಬ್ಬಿಸಿ, “ಯಾರ ತಕರಾರೋ ಅವರ ಹೆಸರೇ ಇಡಿ. ಪೂರ್ತಿ ಹೆಸರು. ಕತ್ತರಿಸಬೇಡಿ” ಎಂದೆ. ಮಿಡಿಗೇಶಿಯ ಬಸ್ಸು ಎಂಟೂ ಮುಕ್ಕಾಲರೊಳಗೆ ಹೊರಡುತ್ತದೆಯೇ ಎಂಬ ಪ್ರಶ್ನೆಗೆ ಚಿಕ್ಕರಂಗಯ್ಯ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಮಧ್ಯಾಹ್ನದ ಬಸ್ಸು ಹನ್ನೆರಡರ ಮೇಲೆ ಹೊರಡುತ್ತದೆಯೇ ಎಂಬುದಕ್ಕೆ ಚಿಕ್ಕನರಸಯ್ಯ ಎಂದು ಬರೆದರು. ಈ ಚಿಕ್ಕನರಸಯ್ಯ ಬಸ್ ನಿಲ್ದಾಣದ ಹಮಾಲಿ. ಕಡಲೇಕಾಯಿ ಮೂಟೆ ಮಂಡಿಯಿಂದ ಬರುವುದೇ ಹನ್ನೆರಡಕ್ಕೆ, ಅದಕ್ಕೆ ಮುಂಚೆ ಬಸ್ಸು ಹೊರಟರೆ ಅವನಿಗೆ ಕೆಲಸವಿಲ್ಲ.

ಅಕ್ಟೋಬರಿನಲ್ಲಿ ಮೊದಲ ಸರದಿಯ ಹಾಳೆ ಅಂಚೆಗೆ ಹೋಯಿತು. ನವೆಂಬರ್ ನಡುವಿಗೆ ಉತ್ತರ ಬಂತು. ಟೀಚರು ಸ್ಟಾಫ್ ರೂಮಿನಲ್ಲೇ ಕಟ್ಟು ಬಿಚ್ಚಿದರು. ಮಡಿಕೆ ಮಡಿಕೆಯಾದ ಉದ್ದ ಕಾಗದ. ಮೊದಲಿಗೆ ಅವರು ಬರೆದುಕೊಟ್ಟಿದ್ದನ್ನೇ ಯಂತ್ರ ತಾನು ಓದಿಕೊಂಡ ಹಾಗೆ ಅಚ್ಚು ಮಾಡಿತ್ತು. ಕೊನೆಯಲ್ಲಿ, ಸರಿಹೊಂದಿದ ವೇಳಾಪಟ್ಟಿಗಳ ಸಂಖ್ಯೆ ಎಂಬ ಜಾಗದಲ್ಲಿ ಒಂದೇ ಒಂದು ಅಂಕಿ.

ಸೊನ್ನೆ.

ಮೂವತ್ತೆರಡು ಸಾವಿರದಲ್ಲಿ ಒಂದೂ ಇಲ್ಲ. ನಂದೀಶ್ವರಯ್ಯನವರು ನಿಟ್ಟುಸಿರು ಬಿಟ್ಟು, “ಅಂಥಾ ಯಂತ್ರವೇ ಆಗಲ್ಲ ಅಂದ ಮೇಲೆ ಇನ್ನೇನಮ್ಮ” ಎಂದು ಎದ್ದು ಹೋದರು. ಟೀಚರು ಕಾಗದವನ್ನು ಮಡಿಸಿ ಪಕ್ಕಕ್ಕೆ ತಳ್ಳಿದರು. ನಾಲ್ಕು ವರ್ಷದಲ್ಲಿ ಆಕೆ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಕಾಗದವನ್ನು ಎಳೆದುಕೊಂಡು ಓದತೊಡಗಿದೆ. ನನಗೆ ಅರ್ಥವಾಗುವುದು ಅದರಲ್ಲಿ ಹೆಸರುಗಳು ಮಾತ್ರ. ಓದುತ್ತಾ ಓದುತ್ತಾ ಸಿಟ್ಟು ನೆತ್ತಿಗೇರಿತು.

“ಏನ್ರೀ ಇದು! ಪೂರ್ತಿ ಹೆಸರು ಬರೀರಿ ಅಂತ ಬಡಕೊಂಡಿರಲಿಲ್ಲವೇ ನಾನು? ಸಿ, ಎಚ್, ಐ, ಕೆ, ಕೆ, ಎ. ಬರೀ ಚಿಕ್ಕ! ರಂಗಯ್ಯ ಎಲ್ಲಿ ಹೋದ? ಇಲ್ಲಿ ನೋಡಿ, ಇನ್ನೊಂದು ಚಿಕ್ಕ. ಇವನ ನರಸಯ್ಯನನ್ನು ಯಾರು ನುಂಗಿದರು? ದೊಡ್ಡ ಮನುಷ್ಯರ ಹೆಸರನ್ನು ಹೀಗಾ ಮೊಂಡು ಮಾಡೋದು?”

“ಪೂರ್ತಿ ಬರೆದಿದ್ದೆ ಪಂಡಿತರೇ...” ಎಂದವರು ಅಲ್ಲಿಗೇ ನಿಂತರು. ಕಣ್ಣು ಅಗಲವಾದವು. ಕಾಗದ ಕಿತ್ತುಕೊಂಡರು. ನೀಲಿ ಪುಸ್ತಕ ತೆಗೆದು ಪುಟದ ಅಡಿಯ ಸಣ್ಣ ಅಕ್ಷರದ ಸಾಲನ್ನು ಬೆರಳಿಟ್ಟು ಓದಿದರು: ಹೆಸರಿನ ಮೊದಲ ಆರು ಅಕ್ಷರವನ್ನಷ್ಟೇ ಯಂತ್ರ ಇಟ್ಟುಕೊಳ್ಳುತ್ತದೆ.

“ಅರೆ ಅಲ್ಲಾ! ಇಬ್ಬರೂ ಒಂದೇ ಆಗಿಬಿಟ್ಟಿದ್ದಾರೆ!”

ವಿಷಯ ಇಷ್ಟೇ. ಉದ್ದವಾದ ಹೆಸರು ಕಂಡರೆ ಯಂತ್ರ ಗದರಿಸುವುದಿಲ್ಲ, ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ. ಬೇರೆ ಸೀಮೆಯ ಹೆಸರಾಗಿದ್ದರೆ ಆರು ಅಕ್ಷರ ಧಾರಾಳವಾಗಿ ಸಾಕಾಗುತ್ತಿತ್ತು. ನಮ್ಮ ಸೀಮೆಯಲ್ಲಿ ದೇವರ ಹೆಸರು ಶುರುವಾಗುವ ಮುಂಚೆಯೇ ಚಿಕ್ಕ, ದೊಡ್ಡ ಬಂದು ಕೂರುತ್ತದಲ್ಲ! ಇಬ್ಬರೂ ‘ಚಿಕ್ಕ’ ಆದಾಗ ಎರಡನೆಯ ಚಿಕ್ಕ ಮೊದಲನೆಯವನನ್ನು ಅಳಿಸಿ ಅವನ ಜಾಗದಲ್ಲಿ ಕೂತ. ಓಬಳಮ್ಮನ ಬೆಳಗಿನ ಬಸ್ಸನ್ನು ಹಮಾಲಿಯ ಪ್ರಶ್ನೆಯಿಂದ ಕೇಳಿದ ಹಾಗಾಯಿತು: ಹನ್ನೆರಡರ ಮೇಲೆ ಹೊರಡುತ್ತೀಯಾ? ಬೆಳಗಿನ ಬಸ್ಸು ಹೇಗೆ ಹೌದೆನ್ನುತ್ತದೆ? ಮೂವತ್ತೆರಡು ಸಾವಿರ ಸಲವೂ ಇಲ್ಲ, ಇಲ್ಲ, ಇಲ್ಲ.

ಸೊನ್ನೆ ಸುಳ್ಳು! ನಾವಿಬ್ಬರೂ ಹುಡುಗರ ಹಾಗೆ ಎದ್ದು ನಿಂತೆವು. ಆದರೆ ಉಳಿದಿರುವುದು ಒಂದೇ ಸರದಿ. ಅದೂ ತಪ್ಪಿದರೆ ಓಬಳಮ್ಮನಿಗೆ ಟೀಸಿಯೇ ಗತಿ. ಬೇರೆ ಹೆಸರಿಡೋಣ ಎಂದು ನಾನು ಹಟ ಹಿಡಿದೆ. ರಂಗಯ್ಯ ಎಂದಿಟ್ಟರೆ? ಶಿರಾದ ದೊಡ್ಡರಂಗಯ್ಯನೂ ಪಟ್ಟಿಯಲ್ಲಿದ್ದಾನೆ, ಯಾರು ಯಾವ ರಂಗಯ್ಯ ಎಂದು ಬರೆಯುವಾಗ ನಾವೇ ಗೊಂದಲ ಮಾಡಿಕೊಳ್ಳುತ್ತೇವೆ. ಒಂದು, ಎರಡು ಎಂದು ನಂಬರ್ ಕೊಟ್ಟರೆ? ಒಂಬತ್ತರ ಜಾಗದಲ್ಲಿ ಆರು ಬರೆದರೆ ಮತ್ತೆ ಅದೇ ಕಥೆ. ಅಷ್ಟರಲ್ಲಿ ಶಾಲೆಯಲ್ಲಿ ನೀರು ಸೇದುವ ಕೆಂಚಮ್ಮ ತಂಬಿಗೆ ಹಿಡಿದು ಬಂದಳು. ಆ ಹಮಾಲಿಯ ಹೆಂಡತಿಯೇ ಆಕೆ.

“ಬಾ ಕೆಂಚಮ್ಮ, ಒಳ್ಳೇ ಹೊತ್ತಿಗೆ ಬಂದೆ” ಎಂದೆ ನಾನು. “ನಿನ್ನ ಗಂಡನಿಗೆ ಇನ್ನೊಂದು ಹೆಸರು ಬೇಕಾಗಿದೆ. ಮನೇಲಿ ನೀನು ಏನಂತ ಕರೀತೀಯ?”

ಕೆಂಚಮ್ಮ ಸೆರಗು ಬಾಯಿಗೆ ಹಿಡಿದಳು. “ಅಯ್ ಬುಡಿ ಸಾಮಿ. ಗಂಡನ ಹೆಸ್ರು ಬಾಯಾಗ್ ತರ್ತಾರಾ ಯಾರಾನ?”

“ಮತ್ತೆ ನಿಲ್ದಾಣದಿಂದ ಕರೆಸಬೇಕಾದ್ರೆ ಏನಂತ ಹೇಳಿ ಕಳಿಸ್ತೀಯ?”

“ಹನ್ನೆಲ್ಡು ಗಂಟೆ ಮ್ಯಾಗೆ ಪಾವಗಡದ ಬಸ್ಸಿಗೆ ಮೂಟೆ ಹಾಕ್ತಾರಲ್ಲ, ಅವ್ರನ್ನ ಕರ್ಕಂಬಾ ಅಂತೀನಿ. ಹೋದೋರು ಕರ್ಕಂಬತ್ತಾರೆ. ಇಪ್ಪತ್ ವರ್ಸ ಆಯ್ತು ಸಾಮಿ, ಒಬ್ರೂ ಬ್ಯಾರೇರ್ನ ಕರ್ಕಂಬಂದಿಲ್ಲ.”

ಟೀಚರು ತಂಬಿಗೆಯನ್ನು ಬಾಯಿಗಿಟ್ಟವರು ಹಾಗೇ ನಿಲ್ಲಿಸಿದರು.

“ಇನ್ನೊಂದ್ಸಲ ಹೇಳು ಕೆಂಚಮ್ಮ. ಹೆಸರಿಲ್ಲದೆ ಹೆಂಗೆ ಗೊತ್ತಾಗುತ್ತೆ ಅವರಿಗೆ?”

“ಹೆಸ್ರು ಯಾಕವ್ವಾ ಬೇಕು? ಹತ್ತ್ ಕಡೆ ನಿಂತ್ಕಂಡು ಹತ್ತ್ ಸಲ ಕೂಗೋದಾದ್ರೆ ಹೆಸ್ರು ಬೇಕು. ನಂಗೆ ಬೇಕಾಗಿರೋದು ಆ ಒಂದ್ ಕಡೆ, ಒಂದ್ ಸಲ. ಮಾಡೋ ಕೆಲ್ಸ ಹೇಳುದ್ರೆ ಸಾಲ್ದಾ?”

ಟೀಚರು ಕಿರುಚಿದ ಕಿರುಚಾಟಕ್ಕೆ ಅಂಗಳದಲ್ಲಿದ್ದ ಮಕ್ಕಳು ಕಿಟಕಿಗೆ ಬಂದರು. “ಕೊನೇ ಅಧ್ಯಾಯ! ಪಂಡಿತರೇ, ಕೊನೇ ಅಧ್ಯಾಯ ಇದೇ! ಕೆಂಚಮ್ಮ ಇಪ್ಪತ್ತು ವರ್ಷದಿಂದ ಮಾಡ್ತಿದ್ದಾಳೆ!” ಎನ್ನುತ್ತಾ ಕೆಂಚಮ್ಮನ ಎರಡೂ ಕೈ ಹಿಡಿದು ಕುಣಿಸಿದರು. ನೀರೆಲ್ಲ ನನ್ನ ಪಂಚೆಯ ಮೇಲೆ ಚೆಲ್ಲಿತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

ಆಮೇಲೆ ಬೋರ್ಡಿನ ಮೇಲೆ ಬರೆದು ನನಗೆ ತೋರಿಸಿದರು. ಮೊದಲು ಮಾಡಿದ್ದು ಹೀಗೆ: ಮೇಲೆ ಹನ್ನೊಂದು ಕೆಲಸ ಬರೆದು ಹನ್ನೊಂದು ಹೆಸರಿಡುವುದು, ಕೆಳಗೆ ಒಂದೊಂದು ಬಸ್ಸಿನ ಹತ್ತಿರ ನಿಂತು ಆ ಹೆಸರು ಕೂಗುವುದು. ಒಂದೊಂದು ಹೆಸರನ್ನೂ ಕೂಗುವುದು ಒಂದೇ ಕಡೆ. ಹಾಗಿದ್ದ ಮೇಲೆ ಹೆಸರು ಬರೆಯುವ ಆ ಜಾಗದಲ್ಲೇ ಕೆಲಸವನ್ನೇ ಗಂಟು ಕಟ್ಟಿ ಇಟ್ಟುಬಿಟ್ಟರೆ? ಬೆಳಗಿನ ಬಸ್ಸಿನ ಪಕ್ಕದಲ್ಲಿ ಬಿಗಿನ್, ಎಂಟೂ ಮುಕ್ಕಾಲರೊಳಗೆ ಹೊರಡುತ್ತದೆಯೇ ಕೇಳು, ಎಂಡ್. ಯಂತ್ರ ಅಲ್ಲಿಗೆ ಬರುತ್ತದೆ, ಗಂಟು ಬಿಚ್ಚುತ್ತದೆ, ಕೇಳುತ್ತದೆ, ಮುಂದಕ್ಕೆ ಹೋಗುತ್ತದೆ. ಇಡದ ಹೆಸರನ್ನು ಕತ್ತರಿಸುವುದಾದರೂ ಹೇಗೆ!

ನಾನು ಬೋರ್ಡನ್ನೇ ನೋಡುತ್ತಾ ನಿಂತೆ. ಬಾ, ಹೋಗು, ಕೂತ್ಕೋ ಅನ್ನುವಾಗ ನಾವು ಯಾವ ನಾಮಪದ ಹಚ್ಚುತ್ತೇವೆ? ಬರೀ ಕ್ರಿಯೆ. ವ್ಯಾಕರಣದಲ್ಲೇ ಇದ್ದದ್ದು ನನ್ನ ತಲೆಗೆ ಹೋಗಿರಲಿಲ್ಲ. ನನ್ನ ಹನ್ನೊಂದು ಹೆಸರನ್ನೂ ನಾನೇ ಡಸ್ಟರು ತೆಗೆದುಕೊಂಡು ಅಳಿಸಿದೆ. ನಾಚಿಕೆ ಆಗಲಿಲ್ಲ, ಮೈ ಝುಮ್ಮೆಂದಿತು.

ಹಾಳೆ ಬರೆದು ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮಧ್ಯಾಹ್ನ ಇನ್ನೊಂದು ಭಯ ಹುಟ್ಟಿತು. ಗಂಟಿನೊಳಗೆ ಗಂಟು, ಅದರೊಳಗೆ ಇನ್ನೊಂದು. ಒಂದು ಬಿಗಿನ್‌ಗೆ ಎಂಡ್ ಬರೆಯುವುದು ಮರೆತಿದ್ದರೂ ಎಲ್ಲ ಹಾಳು. ಕಣ್ಣಲ್ಲಿ ಎಣಿಸಿದರೆ ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತಿತ್ತು. ಟೀಚರು ಬಾವಿಕಟ್ಟೆಗೆ ಹೋಗಿ ಸೇದುವ ಹಗ್ಗವನ್ನೇ ತಂದು ಕೆಂಚಮ್ಮನ ಕೈಗಿತ್ತರು.

“ಪಂಡಿತರು ಗಟ್ಟಿಯಾಗಿ ಓದ್ತಾರೆ. ಬಿಗಿನ್ ಅಂದಾಗ ಒಂದು ಗಂಟು ಹಾಕು. ಎಂಡ್ ಅಂದಾಗ ಕೊನೇಲಿ ಹಾಕಿದ್ದನ್ನ ಬಿಚ್ಚು. ಓದಿ ಮುಗಿದಾಗ ಹಗ್ಗ ಬರಿದಾಗಿರಬೇಕು.”

ನಾನು ಓದಿದೆ. ಕಾವ್ಯ ಓದುವಾಗಲೂ ನಾನು ಅಷ್ಟು ಸ್ಪಷ್ಟವಾಗಿ ಉಚ್ಚರಿಸಿಲ್ಲ. ಕೆಂಚಮ್ಮ ಹಾಕಿದಳು, ಬಿಚ್ಚಿದಳು, ಎರಡು ಹಾಕಿದಳು, ಒಂದು ಬಿಚ್ಚಿದಳು. ಪಾಠ ಬಿಟ್ಟು ಬಂದ ಹುಡುಗಿಯರು ಸುತ್ತ ನಿಂತರು, ಓಬಳಮ್ಮನೂ ಇದ್ದಳು. ಕೊನೆಯ ಎಂಡ್ ಓದಿ ತಲೆ ಎತ್ತಿದೆ. ಹಗ್ಗದ ನಡುವೆ ಒಂದು ಗಂಟು ಹಾಗೇ ಉಳಿದಿತ್ತು!

“ನಾನ್ ತಪ್ ಮಾಡಿಲ್ಲ ಸಾಮಿ, ನೀವ್ ಬಿಚ್ಚು ಅನ್ಲೇ ಇಲ್ಲ” ಅಂದಳು ಕೆಂಚಮ್ಮ.

ಮತ್ತೆ ಮೊದಲಿನಿಂದ ಓದಿದೆ. ಎಂಟನೆಯ ಗಂಟಿನ ಹತ್ತಿರ ಬಂದಾಗ ಓಬಳಮ್ಮ, “ಇಲ್ಲೇ ಸಾರ್! ಸಂಜೆ ಬಸ್ಸಿಂದು ಮುಗಿದೇ ಇಲ್ಲ, ಆಗ್ಲೇ ಇನ್ನೊಂದು ಶುರುವಾಯ್ತು” ಎಂದು ಕೂಗಿದಳು. ಪಾಪಕ್ಕನ ತಕರಾರಿಗೆ ಎಂಡ್ ಇರಲಿಲ್ಲ. ಟೀಚರು ಬರೆದರು, ನಾನು ಮೂರನೆಯ ಸಲ ಓದಿದೆ, ಹಗ್ಗ ನೆಟ್ಟಗಾಯಿತು. ಆಗ ಮೂರೂ ಮುಕ್ಕಾಲು. ಅಂಚೆ ಚೀಲ ಬಸ್ಸಿಗೆ ಏರುವುದು ನಾಲ್ಕಕ್ಕೆ. ಪಂಚೆ ಎತ್ತಿ ಕಟ್ಟಿ ಪೇಟೆ ಬೀದಿಯಲ್ಲಿ ಓಡಿದ ಕನ್ನಡ ಪಂಡಿತನನ್ನು ಮಧುಗಿರಿಯ ಜನ ಬಹಳ ದಿನ ಆಡಿಕೊಂಡರು.

ಡಿಸೆಂಬರ್ ಹದಿನೆಂಟಕ್ಕೆ ಉತ್ತರ ಬಂತು. ಇಪ್ಪತ್ತಕ್ಕೆ ಮಾಲೀಕರ ಸಭೆ. ಈ ಸಲ ಕಟ್ಟು ಬಿಚ್ಚಲು ಟೀಚರಿಗೆ ಕೈ ಬರಲಿಲ್ಲ, ನನ್ನ ಕಡೆ ತಳ್ಳಿದರು. ನಾನು ಕೊನೆಯ ಹಾಳೆಗೆ ನೇರವಾಗಿ ಹೋದೆ.

“ಮೂರು” ಅಂದೆ. “ಟೀಚರೇ, ಮೂರು!”

ಮೂರು ವೇಳಾಪಟ್ಟಿ! ಮೂರರಲ್ಲೂ ಪಾವಗಡದ ಬಸ್ಸು ಎಂಟೂವರೆಗೆ ಮಿಡಿಗೇಶಿ ಬಿಡುತ್ತಿತ್ತು. ಟೀಚರು ಅತ್ತರು, ನಕ್ಕರು, ಆಮೇಲೆ ಪೆನ್ಸಿಲ್ ಹಿಡಿದು ಹನ್ನೊಂದು ತಕರಾರಿಗೂ ಕೈಯಲ್ಲೇ ತಾಳೆ ನೋಡಿದರು. ಎಲ್ಲವೂ ಸರಿಯಿತ್ತು.

ಇಪ್ಪತ್ತರಂದು ಶಿರಾದ ಷೆಡ್ಡಿಗೆ ನಾನೂ ಜೊತೆಗೆ ಹೋದೆ. ಯಂತ್ರದ ಕಾಗದ ಕಂಡು ಒಬ್ಬ ಮಾಲೀಕ, “ಇದೇನಮ್ಮಾ, ನಾಳೆ ಬಸ್ಸೂ ಅದೇ ಓಡಿಸ್ತದಾ?” ಎಂದು ಗೇಲಿ ಮಾಡಿದ. ಬಾಷಾ ಸಾಬ್ ಕೈ ಎತ್ತಿ ಸುಮ್ಮನಿರಿಸಿದರು. “ಒಬ್ಬೊಬ್ಬರೇ ಕೇಳಿ. ನಿಮ್ಮ ತಕರಾರು ತೀರದಿದ್ರೆ ಈ ಕಾಗದ ನಾನೇ ಹರೀತೀನಿ.” ಒಬ್ಬೊಬ್ಬರೇ ಕೇಳಿದರು. ನಮಾಜಿನ ಬಿಡುವು? ಇದೆ. ಕಡಲೇಕಾಯಿ ಮೂಟೆ? ಹನ್ನೆರಡೂ ಕಾಲು. ಇಂಜಿನ್ನಿನ ನೀರು? ಕಾಲು ಗಂಟೆ ಇದೆ. ಕೇಳುತ್ತಾ ಕೇಳುತ್ತಾ ದನಿಗಳು ಮೆತ್ತಗಾದವು. ಹನ್ನೊಂದೂ ಮುಗಿದಾಗ ಬಾಷಾ ಸಾಬ್ ಕಪ್ಪು ಹಲಗೆಯ ಹಳೆಯ ವೇಳೆಗಳನ್ನು ಒರೆಸಿ, ಮೊದಲನೆಯ ಪಟ್ಟಿಯನ್ನು ಸುಣ್ಣದಕಡ್ಡಿಯಲ್ಲಿ ಬರೆದರು.

“ಕೆಳಗೆ ಯಾರ ಹೆಸರು ಹಾಕಲಿ ಬೇಟಿ?”

“ಯಾರದೂ ಬೇಡ ಚಾಚಾ. ಬಸ್ಸು ಬಂದ್ರೆ ಸಾಕು.”

ವಾಪಸ್ ಬರುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಅವರನ್ನು ಬೈದೆ. ಮಾಡಿದವರ ಹೆಸರಿಲ್ಲದ ಕೆಲಸ ಯಾರಿಗೆ ನೆನಪಿರುತ್ತದೆ ಎಂದೆ. ಅವರು ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದರು. ಆಮೇಲೂ ವರ್ಷಗಟ್ಟಲೆ ಅದೇ ಶಾಲೆಯಲ್ಲಿ ಪಾಠ ಹೇಳಿದರು, ಲೆಕ್ಕ ಸರಿಬಂದಾಗ ಚಪ್ಪಾಳೆ ತಟ್ಟಿದರು. ಆ ಯಂತ್ರವನ್ನು ಮತ್ತೆ ನೋಡಲಿಲ್ಲ.

ಅರವತ್ತೊಂಬತ್ತರ ಜನವರಿ ಒಂದು, ಬುಧವಾರ. ಹತ್ತು ಗಂಟೆಗೆ ಹಾಜರಿ ಪುಸ್ತಕ ತೆರೆದೆ. ತಲೆ ಎತ್ತಿ ಬೆಂಚಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಹೆಸರುಗಳನ್ನು ಕೂಗುತ್ತಾ ಬಂದೆ. ಓಬಳಮ್ಮ ಎಂದೆ. ಐದು ತಿಂಗಳ ಅಭ್ಯಾಸ, ಉತ್ತರಕ್ಕೆ ಕಾಯದೆ ಪೆನ್ನು ತಾನಾಗಿಯೇ ‘ಗೈ’ ಎಂದು ಬರೆದುಬಿಟ್ಟಿತು.

“ಹಾಜರ್ ಸಾರ್!”

ಕೊಠಡಿಯೆಲ್ಲ ಚಪ್ಪಾಳೆ ತಟ್ಟಿತು. ಪಕ್ಕದ ಕೊಠಡಿಯಿಂದಲೂ ಒಂದು ಚಪ್ಪಾಳೆ ಕೇಳಿಸಿತು. ಕಣ್ಣು ಮಂಜಾಗಿ ಗೆರೆ ಕಾಣದಿದ್ದರೂ ನಾನು ‘ಗೈ’ ಹೊಡೆದುಹಾಕಿ ‘ಹಾ’ ಎಂದು ಬರೆದೆ. ಹಾಜರಿ ಪುಸ್ತಕದಲ್ಲಿ ಏನನ್ನಾದರೂ ತಿದ್ದಿದರೆ ಪಕ್ಕದಲ್ಲಿ ತಿದ್ದಿದವರು ಪೂರ್ತಿ ಹೆಸರು ಬರೆದು ಸಹಿ ಹಾಕಬೇಕೆಂದು ನಂದೀಶ್ವರಯ್ಯನವರ ಕಟ್ಟಪ್ಪಣೆ. ಆ ಇಡೀ ಕೆಲಸದಲ್ಲಿ ಎಲ್ಲಾದರೂ ಬರಹದಲ್ಲಿ ಉಳಿದ ಹೆಸರು ಅದೊಂದೇ, ತಪ್ಪು ಮಾಡಿದ ನನ್ನದು.